ಮ್ಯೂಟ್ ಮಾಡಿದ ಕ್ರಾಂತಿ

ಅಮೆರಿಕದ ಕ್ಯಾರಿ ಎಂಬ ಊರಿನ ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಒಂದು ನಿಯಮವಿತ್ತು. ಇಂಗ್ಲಿಷ್ ಮಾತಾಡಿದವರು ಕುದುರೆಯಿಂದ ಬೀಳಬೇಕು.

ಕುದುರೆ ಇದ್ದದ್ದು ಪರದೆಯ ಮೇಲೆ. ಮೆಕ್ಸಿಕೋದ ರೈತರನ್ನು ಕಟ್ಟಿಕೊಂಡು ಮೊದಲು ಜಮೀನ್ದಾರರ ಮೇಲೆ, ಆಮೇಲೆ ದೇಶದ ಅಧ್ಯಕ್ಷರ ಮೇಲೇ ಬಂಡೆದ್ದ ನಾಯಕನೊಬ್ಬನ ಕಥೆ. ಹಾಲಿವುಡ್ಡಿನವರು ಬಹಳ ಹಿಂದೆ ತೆಗೆದ ಕಪ್ಪು ಬಿಳುಪು ಸಿನಿಮಾ. ತರಗತಿ ನಡೆಸುತ್ತಿದ್ದ ಅಂಕಲ್ ಅದನ್ನು ಮ್ಯೂಟ್ ಮಾಡಿ ಹಾಕುತ್ತಿದ್ದರು. ಮಕ್ಕಳು ಪಾತ್ರ ಹಂಚಿಕೊಂಡು, ಪರದೆಯ ಮೇಲೆ ಬಾಯಿ ಅಲ್ಲಾಡಿದಷ್ಟು ಹೊತ್ತು ತಮಗೆ ತೋಚಿದ ಕನ್ನಡ ಹೇಳಬೇಕು. ಅಲ್ಲಿ ಬಾಯಿ ನಿಂತರೆ ಇಲ್ಲಿಯೂ ನಿಲ್ಲಬೇಕು. ನಡುವೆ ಇಂಗ್ಲಿಷ್ ನುಸುಳಿತೋ, ಆ ಮಗು ಕುರ್ಚಿಯಿಂದ ಜಾರಿ ನೆಲಕ್ಕೆ ಬೀಳಬೇಕು. ಉಳಿದವರು ಎತ್ತಿ ಕೂರಿಸಬೇಕು. ಬೀಳುವುದು ಅವರಿಗೆ ಎಷ್ಟು ಇಷ್ಟವೆಂದರೆ ಕೆಲವರು ಬೇಕೆಂದೇ ಇಂಗ್ಲಿಷ್ ಮಾತಾಡುತ್ತಿದ್ದರು. ಈ ನಿಯಮ ತನ್ನ ಉದ್ದೇಶವನ್ನೇ ಸೋಲಿಸುತ್ತದೆ ಎಂದು ನಾನು ಮೊದಲ ವಾರವೇ ಆಕ್ಷೇಪಣೆ ಎತ್ತಿದೆ.

"ಬೀಳ್ಲಿ ಬಿಡು ತಂಗಿ," ಎಂದರು ಅಂಕಲ್. "ಏಳೂಮುಂದ ಕನ್ನಡ ಮಾತಾಡ್ತಾರಲ್ಲ."

ಅಂಕಲ್ ಧಾರವಾಡದವರು. ಇಲ್ಲಿನ ಟೆಕ್ ವಲಯವಾದ ರಿಸರ್ಚ್ ಟ್ರಯಾಂಗಲ್‌ನ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದ ಮೇಲೆ ಈ ತರಗತಿಯನ್ನೇ ಕೆಲಸ ಮಾಡಿಕೊಂಡಿದ್ದರು. ಮಕ್ಕಳಿಗೆ ಅವರು 'ಸರ್ ಅಂಕಲ್'. ನಾನು ಹುಟ್ಟಿದ್ದು ಇಲ್ಲೇ ಪಕ್ಕದ ರಾಲೀಯಲ್ಲಿ. ಓದಿದ್ದು ಹದಿನಾಲ್ಕರವರೆಗೆ ಮೈಸೂರಿನಲ್ಲಿ. ಅಲ್ಲಿನ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಚೀಟಿ ಎತ್ತಿ ತಿಳಿಯಬೇಕಿತ್ತು, ಇಲ್ಲಿನ ಹೈಸ್ಕೂಲಿನಲ್ಲಿ ನಾಣ್ಯ ಚಿಮ್ಮಿ. ಎರಡೂ ಕಡೆ ನಾನು ಸೋತದ್ದು ಕಡಿಮೆ. ಕಾಲೇಜು ಮುಗಿಸಿ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ, ಇವಳು ವಾರಕ್ಕೊಮ್ಮೆಯಾದರೂ ಮನುಷ್ಯರ ಮುಖ ನೋಡಲಿ ಎಂದು ಅಮ್ಮ ನನ್ನನ್ನು ಅಂಕಲ್‌ಗೆ ಸಹಾಯಕಿಯಾಗಿ ಒಪ್ಪಿಸಿದಳು.

ಸಿನಿಮಾದ ಬಗ್ಗೆಯೇ ನನಗೆ ತಕರಾರಿತ್ತು. ಬಿಳಿ ನಟನೊಬ್ಬ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಮೆಕ್ಸಿಕೋದವನಾಗಿದ್ದಾನೆ. ಓದು ಬಾರದ ಒಳ್ಳೆಯ ರೈತ, ಓದಿದ ಕೆಟ್ಟ ರಾಜಕಾರಣಿ. ಇತಿಹಾಸ ಇಷ್ಟು ಸಲೀಸಾಗಿ ಇರುವುದಿಲ್ಲ.

"ಅಂಕಲ್, ಇದು ಅಮೆರಿಕದವರು ತಮಗೆ ಬೇಕಾದ ಹಾಗೆ ಮಾಡ್ಕೊಂಡಿರೋ ಮೆಕ್ಸಿಕೋ. ಇವರ ಬಾಯಲ್ಲಿ ಬರೋ ಒಂದು ಮಾತೂ ನಂಬೋ ಹಾಗಿಲ್ಲ."

"ಅದಕ್ಕ ಮ್ಯೂಟ್ ಮಾಡೇನಿ."

ಆಮೇಲೆ ಅವರೇ ಹೇಳಿದರು. ಧಾರವಾಡದಲ್ಲಿ ಕಾಲೇಜು ಓದುವಾಗ ಯಾರೋ ಈ ಸಿನಿಮಾ ತರಿಸಿ ಗೋಡೆಗೆ ಬಟ್ಟೆ ಕಟ್ಟಿ ತೋರಿಸಿದ್ದರಂತೆ. ಅಮೆರಿಕದ ಇಂಗ್ಲಿಷ್ ಒಬ್ಬರಿಗೂ ತಿಳಿಯದು. "ಹಿಂದ ಕುಂತಾವ ಒಬ್ಬ ಎಲ್ಲಾನೂ ಕನ್ನಡದಾಗ ಹೇಳ್ಕೋತ ಹೋದ. ಏನ್ ಮಾತಂತಿ, ಮಂದಿ ಅತ್ತುಬಿಟ್ರು. ಮುಗಿದ್ಮ್ಯಾಲೆ ಕೇಳಿದ್ರ ಅವಗೂ ಇಂಗ್ಲಿಷ್ ಬರ್ತಿದ್ದಿಲ್ಲ."

ನಾಯಕನ ಪಾತ್ರ ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ಬಂದಿತ್ತು. ಹುಡುಗರೆಲ್ಲ ಕುದುರೆಯಿಂದ ಬೀಳುವುದರಲ್ಲೇ ಮಗ್ನರಾಗಿದ್ದಾಗ ಬೀಳದೆ ಉಳಿದವಳು ಇವಳು. ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ಬರುತ್ತಿದ್ದಳು. ಬಿಳಿ ಬಟ್ಟೆಯ ರೈತರು ಅರಮನೆಯಂಥ ಕೋಣೆಯಲ್ಲಿ ಅಧ್ಯಕ್ಷರ ಮುಂದೆ ನಿಂತ ದೃಶ್ಯ ಬಂದ ದಿನ ಅವಳು ಎದ್ದು ನಿಂತು, "ನೋಡು ತಾತ, ಹೊಲ ನಮ್ದು. ಬೇಲಿ ಹಾಕ್ಬಿಟ್ಟಿದಾರೆ. ಊಟಕ್ಕೆ ಏನ್ ಮಾಡ್ಲಿ ಹೇಳು," ಎಂದಳು. ಅಧ್ಯಕ್ಷನಾಗಿದ್ದ ಹುಡುಗ ಗಾಬರಿಯಾಗಿ "ಪಿಜ್ಜಾ ತಿನ್ನು" ಎಂದ. ಪಿಜ್ಜಾ ಇಂಗ್ಲಿಷೋ ಕನ್ನಡವೋ ಎಂದು ದೊಡ್ಡ ವಾದವಾಯಿತು. ನಾನೇ ಎರಡೂ ಕಡೆ ವಾದಿಸಿದೆ.

ಅದರ ಮುಂದಿನ ವಾರ ಹಳ್ಳಿಯವರೆಲ್ಲ ಒಟ್ಟಾಗಿ ಬರುವ ದೃಶ್ಯ. ಅಂಕಲ್ ಇಡೀ ತರಗತಿಯನ್ನು ಎದ್ದು ನಿಲ್ಲಿಸಿದರು. ಮಕ್ಕಳು ಮುಷ್ಟಿ ಎತ್ತಿ, ಮೇಜು ಕುಟ್ಟಿ, "ಹೊಲ ನಮ್ದು, ವಾಪಸ್ ಕೊಡು" ಎಂದು ಕೂಗಿದರು. ಮಗಳನ್ನು ಕರೆದೊಯ್ಯಲು ಬಂದಿದ್ದ ಆ ಮೀಸೆಯ ಹುಡುಗಿಯ ತಾಯಿ ಬಾಗಿಲಲ್ಲಿ ನಿಂತು ನಗುತ್ತಾ ಫೋನಿನಲ್ಲಿ ವೀಡಿಯೋ ತೆಗೆದರು. ಸಂಜೆ ಕೆಲವೇ ಗೆಳತಿಯರಿರುವ ತಮ್ಮ ಫೇಸ್‌ಬುಕ್ ಪುಟದಲ್ಲಿ ಹಾಕಿದರು. ಮೇಲೆ ಇಂಗ್ಲಿಷಿನಲ್ಲಿ 'ನನ್ನ ಪುಟ್ಟ ಕ್ರಾಂತಿಕಾರಿ' ಎಂದು ಬರೆದು ಒಂದು ಕೆಂಪು ಹೃದಯ. ನಾನೂ ಲೈಕ್ ಒತ್ತಿದ್ದೆ.

ಕೆಲವು ದಿನಗಳಲ್ಲಿ ವೀಡಿಯೋ ಅಲ್ಲಿಂದ ಮಾಯವಾಯಿತು. ಆದರೆ ಅಷ್ಟರಲ್ಲಿ ಯಾರೋ ಇಳಿಸಿಕೊಂಡು, ನಮ್ಮ ಕನ್ನಡದವರ ದೊಡ್ಡ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದರು. 'ನಮ್ಮ ಮಕ್ಕಳಿಗೆ ಕನ್ನಡದ ಹೆಸರಲ್ಲಿ ಏನು ಕಲಿಸ್ತಿದಾರೆ ನೋಡಿ' ಎಂದು ಒಕ್ಕಣೆ. ಆಗಲೇ ನಾನು ಆ ವೀಡಿಯೋವನ್ನು ಸರಿಯಾಗಿ ನೋಡಿದ್ದು. ನಾವು ಬಾಡಿಗೆಗೆ ಹಿಡಿಯುತ್ತಿದ್ದ ಆ ಹಾಲ್‌ನ ಮೂಲೆಯಲ್ಲಿ, ಇಂಥ ಹಾಲ್‌ಗಳಲ್ಲಿ ಇರುವಂತೆ, ಕಂಬಕ್ಕೆ ಕಟ್ಟಿದ ಅಮೆರಿಕದ ಬಾವುಟವಿದೆ. ಮಕ್ಕಳ ಮುಷ್ಟಿ ಎದ್ದದ್ದು ಪರದೆಯ ಕಡೆಗೆ. ಕ್ಯಾಮೆರಾಗೆ ಮಾತ್ರ ಪರದೆ ಕಾಣಿಸುತ್ತಿಲ್ಲ. ಕಾಣಿಸುವುದು ಬಾವುಟ, ಕಪ್ಪು ಮೀಸೆ ಬರೆದುಕೊಂಡ ಹುಡುಗಿ, ಕಂದು ಬಣ್ಣದ ಮಕ್ಕಳು, ಅರ್ಥವಾಗದ ಭಾಷೆಯಲ್ಲಿ ಒಂದೇ ಘೋಷಣೆ.

ಎರಡು ದಿನವಾದ ಮೇಲೆ ಹುಡುಗಿಯ ತಾಯಿ ನನಗೆ ಫೋನ್ ಮಾಡಿ ಹೊರಗೆ ಸಿಗುವಂತೆ ಕೇಳಿದರು. ಇಂಡಿಯನ್ ಗ್ರೋಸರಿ ಅಂಗಡಿಯ ಪಾರ್ಕಿಂಗ್‌ನಲ್ಲಿ ಅವರ ಕಾರಿನೊಳಗೆ ಕೂತೆವು. ಅವರು ಬೆಂಗಳೂರಿನವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಆಂಟಿ ಅಂದರೆ ಸಿಟ್ಟಾಗುತ್ತಿದ್ದರು, ಹಾಗಾಗಿ ಅಕ್ಕ.

"ನಮ್ಮ ಗ್ರೀನ್ ಕಾರ್ಡ್ ಇಂಟರ್‌ವ್ಯೂ ಬಂದಿದೆ," ಎಂದರು. "ಎಷ್ಟು ವರ್ಷ ಕಾದಿದೀವಿ ಅಂತ ನಿಂಗೊತ್ತಾ? ಇವಳು ಹುಟ್ಟೋಕ್ ಮುಂಚಿಂದ. ಈಗ ಎಲ್ಲಾ ತೆಗೆದು ನೋಡ್ತಾರಂತೆ. ಫೇಸ್‌ಬುಕ್ಕು, ವಾಟ್ಸ್ಆ್ಯಪ್ಪು, ಎಲ್ಲಾ."

"ಯಾರು ಹೇಳಿದ್ರು ಅಕ್ಕ?"

"ಎಲ್ರೂ ಹೇಳ್ತಿದಾರೆ."

"ಎಲ್ರೂ ಅಂದ್ರೆ ಸಾಕ್ಷಿ ಅಲ್ಲ. ಒಂಬತ್ತು ವರ್ಷದ ಮಗು ಸಿನಿಮಾ ನೋಡಿ ಕೂಗಿದ್ದನ್ನ..."

"ನಿಂಗೇನಮ್ಮಾ," ಎಂದರು ಅವರು, ಸ್ಟಿಯರಿಂಗ್ ಹಿಡಿದ ಕೈ ಬಿಡದೆ. "ನೀನು ಇಲ್ಲೇ ಹುಟ್ಟಿದೋಳು. ವಾದ ಮಾಡು, ಗೆಲ್ಲು, ಮನೆಗೆ ಹೋಗು. ನಾವು ಸೋತ್ರೆ ಮನೆ ಮಾರ್ಕೊಂಡು ಹೋಗ್ಬೇಕು."

ವೀಡಿಯೋ ಹಾಕಿದ್ದು ತಾವೇ ಎಂಬುದು ಗಂಡನಿಗೆ ಗೊತ್ತಿಲ್ಲವೆಂದು ಆಮೇಲೆ ಹೇಳಿದರು. ಅವರ ಗಂಡ ಫೇಸ್‌ಬುಕ್ಕಿನಲ್ಲಿ ಇಲ್ಲ. ಗುಂಪಿನಲ್ಲಿ ನೋಡಿದ ಮೇಲೆ ಎರಡು ದಿನದಿಂದ ಮನೆಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ, ಇದನ್ನು ಹೊರಗೆ ಬಿಟ್ಟವರು ಯಾರು ಎಂದು. ಅರ್ಜಿ ಇರುವುದು ಅವರ ಹೆಸರಿನಲ್ಲಿ. "ಕ್ಲಾಸಿನೋರೇ ಹಾಕಿರ್ಬೇಕು ಅಂತ ಅವರೇ ಅಂದ್ಕೊಂಡ್ರು," ಎಂದರು. "ನಾನು ಹೌದು ಅನ್ಲಿಲ್ಲ. ಅಲ್ಲ ಅಂತಾನೂ ಅನ್ಲಿಲ್ಲ."

ನಾನು ಕಾರಿನಿಂದ ಇಳಿಯುವ ಹೊತ್ತಿಗೆ ತರಗತಿಯ ಹೊಣೆ ಹೊತ್ತ ಇಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ ಗುಂಪಿನಲ್ಲಿ ಹಾಕಿಯಾಗಿತ್ತು: ಭಾನುವಾರ ತರಗತಿಯ ನಂತರ ಪೋಷಕರ ಸಭೆ. ವಿಷಯ, ತರಗತಿಯ ಮುಂದಿನ ವ್ಯವಸ್ಥೆ. ಅಂಕಲ್‌ರನ್ನು ತೆಗೆಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಭ್ಯವಾದ ಕನ್ನಡ ಇಲ್ಲ.

ಆ ವಾರವಿಡೀ ನಾನು ತಯಾರಿ ಮಾಡಿದೆ. ಎದುರು ಪಕ್ಷ ಏನೇನು ಹೇಳಬಹುದು, ಪ್ರತಿಯೊಂದಕ್ಕೂ ನನ್ನ ಉತ್ತರವೇನು. ಎಲ್ಲ ಉತ್ತರಗಳಿಗಿಂತ ಬಲವಾದದ್ದು ಒಂದೇ. ಆ ವೀಡಿಯೋವನ್ನು ಊರಿಗೆಲ್ಲ ತೋರಿಸಿದ್ದು ಅಂಕಲ್ ಅಲ್ಲ. ಅವರನ್ನು ತೆಗೆಯಬೇಕೆನ್ನುವ ಗುಂಪಿನ ನಡುವೆಯೇ ಕೂತಿರುವ ಒಬ್ಬ ತಾಯಿ. ಕೈಯಲ್ಲಿರುವ ಸಾಕ್ಷ್ಯವನ್ನು ಬಳಸದೆ ಎದ್ದು ಹೋಗುವವರನ್ನು ನಾನು ಸ್ಪರ್ಧೆಗಳಲ್ಲಿ ನೋಡಿ ನಕ್ಕಿದ್ದೇನೆ.

ಭಾನುವಾರ ಅಂಕಲ್ ಸಿನಿಮಾ ಹಾಕಲಿಲ್ಲ. ಕಾಗುಣಿತ ಬರೆಸಿದರು. ಹುಡುಗಿ ಮೀಸೆ ಬರೆದುಕೊಂಡು ಬಂದಿದ್ದಳು. ಅವಳ ತಾಯಿ ಬಾಗಿಲಲ್ಲೇ ಟಿಶ್ಯೂನಿಂದ ಒರೆಸಿ ಒಳಗೆ ಕಳಿಸಿದರು. ತುಟಿಯ ಮೇಲೆ ಬೂದು ಬಣ್ಣ ಉಳಿದಿತ್ತು.

"ಸರ್ ಅಂಕಲ್, ಎಂಡಿಂಗ್ ಯಾವಾಗ?" ಎಂದು ಕೇಳಿದಳು. "ಲಾಸ್ಟ್ ಸೀನ್ ಮಾತ್ರ ಬಾಕಿ ಇದೆ."

"ಬಿದ್ದಿ ನೋಡು ಕುದುರಿಯಿಂದ," ಎಂದರು ಅಂಕಲ್. ಅವಳು ಬೀಳಲಿಲ್ಲ. ಅವರ ಮುಖ ನೋಡುತ್ತ ನಿಂತಳು.

ಸಭೆಗೆ ಮಕ್ಕಳನ್ನು ಪಕ್ಕದ ಕೋಣೆಗೆ ಕಳಿಸಿದರು. ದೊಡ್ಡವರು ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮಂಡಿ ಎದೆಗೆ ತಾಗುವಂತೆ ಕೂತರು. ಯಾರೋ ಸಮೋಸ ತಂದಿದ್ದರು, ಯಾರೂ ತಟ್ಟೆ ಮುಟ್ಟಲಿಲ್ಲ. ಕಾರ್ಯದರ್ಶಿ ಬೆಂಗಳೂರಿನವರು, ಯಾರ ಮನಸ್ಸನ್ನೂ ನೋಯಿಸದೆ ಕೆಲಸ ಮುಗಿಸಬೇಕೆನ್ನುವವರು.

"ಸರ್ ಬಗ್ಗೆ ನಮಗೆಲ್ಲ ರೆಸ್ಪೆಕ್ಟ್ ಇದೆ," ಎಂದು ಶುರು ಮಾಡಿದರು. "ಅದು ಪ್ರಶ್ನೆ ಅಲ್ಲ. ಟೈಮ್ ಸರಿ ಇಲ್ಲ ಅಷ್ಟೇ. ಕೆಲವರದ್ದು ಎಚ್ ಒನ್ ವೀಸಾ ರಿನ್ಯೂವಲ್ ಇದೆ, ಕೆಲವರದ್ದು ಗ್ರೀನ್ ಕಾರ್ಡ್ ಸ್ಟೇಜಲ್ಲಿದೆ."

ನಾನು ಎದ್ದೆ. ಸಿನಿಮಾ ಈ ದೇಶದವರೇ ತೆಗೆದದ್ದು ಎಂದೆ. ಈ ದೇಶ ಹುಟ್ಟಿದ್ದೂ ಒಬ್ಬ ರಾಜನ ವಿರುದ್ಧ ಹೀಗೇ ಕೂಗಿ, ಮಕ್ಕಳು ಶಾಲೆಯಲ್ಲಿ ಅದನ್ನೇ ಓದುತ್ತಾರೆ ಎಂದೆ. ಮಾತಾಡುವುದಕ್ಕೆ ಇಲ್ಲಿನ ಕಾನೂನು ಕೊಟ್ಟಿರುವ ಹಕ್ಕಿನ ಬಗ್ಗೆ ಹೇಳಿದೆ.

"ಹಕ್ಕು ಸರಿ ಅಮ್ಮಾ," ಎಂದರು ಕಾರ್ಯದರ್ಶಿ. "ಇಂಟರ್‌ವ್ಯೂನಲ್ಲಿ ಆಫೀಸರ್ ಮುಂದೆ ನೀನು ಬಂದು ವಾದ ಮಾಡ್ತೀಯಾ?"

ಒಂದಿಬ್ಬರು ನಕ್ಕರು. ಆ ನಗುವಿನಲ್ಲಿ ನಾನು ಸೋಲುತ್ತಿರುವುದು ನನಗೆ ಕೇಳಿಸಿತು. ಆಗ ನಾನು ದಾರಿ ಬದಲಿಸಿದೆ, ಅಡ್ಡ ಪ್ರಶ್ನೆಗೆ ಇಳಿದೆ.

"ಹಾಗಾದ್ರೆ ನಿಮ್ಮನ್ನೇ ಒಂದು ಕೇಳ್ತೀನಿ. ತೊಂದರೆ ಸಿನಿಮಾ ತೋರಿಸಿದ್ರಿಂದಾನಾ, ವೀಡಿಯೋ ಹೊರಗೆ ಹೋಗಿದ್ರಿಂದಾನಾ?"

"ಎರಡೂ ಒಂದೇ ಅಲ್ವಾ."

"ಒಂದೇ ಅಲ್ಲ. ಕೋಣೆ ಒಳಗೆ ನಡೆದಿದ್ದು ಆಫೀಸರ್‌ಗೆ ಕಾಣ್ಸಲ್ಲ. ವೀಡಿಯೋ ಹೋಗಿಲ್ಲದಿದ್ರೆ ನಾವು ಇವತ್ತು ಇಲ್ಲಿ ಕೂತಿರ್ತಿದ್ವಾ?"

"ಇಲ್ಲ," ಎಂದರು ಅವರು. "ಅದು ಒಪ್ಪಿದೆ."

ಹುಡುಗಿಯ ತಂದೆ ಮುಂದಿನ ಸಾಲಿನಲ್ಲಿದ್ದರು. "ಅದೇ ನಾನೂ ಕೇಳ್ತಿರೋದು," ಎಂದರು, ಮೊದಲ ಬಾರಿಗೆ ಬಾಯಿ ತೆರೆದು. "ಹಾಕಿದ್ದು ಯಾರು? ನನ್ನ ಮಗಳ ಮುಖ ಅದರಲ್ಲಿರೋದು."

ಪಕ್ಕದಲ್ಲಿ ಅವರ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ಬೇಡ ಎಂದು ತಲೆ ಆಡಿಸಲಿಲ್ಲ, ಕಣ್ಣಲ್ಲಿ ಕೇಳಿಕೊಳ್ಳಲಿಲ್ಲ. ನಾನು ಹೇಳುತ್ತೇನೆಂದು ತೀರ್ಮಾನಿಸಿಕೊಂಡು ಕೂತವರ ಹಾಗೆ ಕೂತಿದ್ದರು. ಮಡಿಲಲ್ಲಿ ಆ ಟಿಶ್ಯೂ, ಅದರ ಮೇಲೆ ಕಾಡಿಗೆ. ಎದುರು ಪಕ್ಷವೇ ನನ್ನ ಪ್ರಶ್ನೆಯನ್ನು ನನ್ನ ಕೈಗೆ ಕೊಟ್ಟಿತ್ತು. ಉತ್ತರ ಹೇಳಿದರೆ ಅಂಕಲ್ ಉಳಿಯುತ್ತಾರೆ. ನಾನು ಬಾಯಿ ತೆರೆದೆ.

"ನಾನ ಹಾಕಿದ್ದು," ಎಂದರು ಅಂಕಲ್.

ಅವರು ಬೋರ್ಡಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಡಸ್ಟರ್ ಇತ್ತು.

"ಸರ್, ನೀವಾ?" ಎಂದರು ಕಾರ್ಯದರ್ಶಿ.

"ಹೌದ್ರಿ. ಮಕ್ಕಳು ಚಂದ ಮಾತಾಡಿದ್ರು, ಖುಷಿ ಆತು, ಹಾಕಿದೆ. ತಿಳೀಲಿಲ್ಲ. ತಪ್ಪಾತು."

ಅಂಕಲ್‌ಗೆ ಫೇಸ್‌ಬುಕ್ ಖಾತೆ ಇರಲಿಲ್ಲ. ಫೋಟೋ ಕಳಿಸಬೇಕಾದರೆ ಫೋನನ್ನೇ ನನ್ನ ಕೈಗೆ ಕೊಟ್ಟು ಕಳಿಸು ಎನ್ನುತ್ತಿದ್ದರು. ನನ್ನ ಪಕ್ಷದವರೇ ಸುಳ್ಳು ಹೇಳಿದರೆ ನಾನು ತಿದ್ದಬೇಕೇ? ಯಾವ ಸ್ಪರ್ಧೆಯಲ್ಲೂ ನನಗೆ ಇದನ್ನು ಕಲಿಸಿರಲಿಲ್ಲ. ಹುಡುಗಿಯ ತಂದೆ ಉಸಿರು ಬಿಟ್ಟು ಹಿಂದಕ್ಕೆ ಒರಗಿದರು; ಇಷ್ಟು ದಿನದಿಂದ ಹುಡುಕುತ್ತಿದ್ದದ್ದು ಸಿಕ್ಕಿಬಿಟ್ಟಿತ್ತು. ತಾಯಿ ನನ್ನಿಂದ ಕಣ್ಣು ತೆಗೆದು ಅಂಕಲ್‌ರನ್ನು ನೋಡಿದರು, ಆಮೇಲೆ ನೆಲ ನೋಡಿದರು.

ಐದು ನಿಮಿಷದಲ್ಲಿ ಸಭೆ ಮುಗಿಯಿತು. ಮುಂದಿನ ವಾರದಿಂದ ತರಗತಿ ನನ್ನದು, ಪಠ್ಯಪುಸ್ತಕ ಮಾತ್ರ, ಸಿನಿಮಾ ಇಲ್ಲ. ಚಪ್ಪಾಳೆ ತಟ್ಟಿ ಅಂಕಲ್‌ಗೆ ಧನ್ಯವಾದ ಹೇಳಿದರು. ಆಗ ಸಮೋಸದ ತಟ್ಟೆ ಕೈಯಿಂದ ಕೈಗೆ ಹೋಯಿತು.

ಹೊರಗೆ ಅವರ ಕಾರಿಗೆ ಪ್ರೊಜೆಕ್ಟರ್ ಇಡುವಾಗ ನಾನು ಜಗಳಕ್ಕೇ ನಿಂತೆ.

"ಯಾಕೆ ಹಾಗಂದ್ರಿ? ನಾನು ಗೆಲ್ತಿದ್ದೆ."

"ಗೊತ್ತೈತಿ. ಅದಕ್ಕ ಅಂದೆ."

"ಸುಳ್ಳು ಹೇಳಿದ್ರಿ ಅಂಕಲ್. ಈಗ ಎಲ್ರೂ ನಿಮ್ಮನ್ನ ಬೇಜವಾಬ್ದಾರಿ ಮನುಷ್ಯ ಅಂದ್ಕೋತಾರೆ."

"ಅನ್ಲಿ. ನನ್ನ ಹತ್ರ ಅಮೆರಿಕದ ನೀಲಿ ಪಾಸ್‌ಪೋರ್ಟ್ ಐತಿ, ಅನ್ನಿಸ್ಕೊಳ್ಳಾಕ ಅಡ್ಡಿ ಇಲ್ಲ. ಬಾಗಲದಾಗ ನಿಂತು ವೀಡಿಯೋ ತಗದಾಕಿ ಹತ್ರ ಏನೈತಿ?" ಡಿಕ್ಕಿ ಮುಚ್ಚಿದರು. "ನಿಮ್ಮ ಡಿಬೇಟ್‌ನಾಗ ಜಡ್ಜ್ ಯಾರು ಅಂತ ಗೊತ್ತಿರ್ತದಲ್ಲ?"

"ಎದುರಿಗೇ ಕೂತಿರ್ತಾರೆ."

"ಇಲ್ಲಿ ಯಾರು ನೋಡಾಕತ್ತಾರ, ಎಲ್ಲಿ ಕುಂತಾರ, ಒಬ್ರಿಗೂ ಗೊತ್ತಿಲ್ಲ. ಅದಕ್ಕ ಮಂದಿ ಹಿಂಗ ಆಗ್ಯಾರ."

ಈ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಕಾಣದ ಕಣ್ಣಿಗೆ ಹೆದರಿ ಒಬ್ಬೊಬ್ಬರೂ ಒಂದೊಂದು ಸುಳ್ಳು ಹೇಳುತ್ತಾ ಹೋದರೆ ಆ ಕಣ್ಣಿಗೆ ಕೆಲಸವೇ ಇರುವುದಿಲ್ಲ ಎಂದೆ. ಅಂಕಲ್ ಕೇಳಿಸಿಕೊಂಡರು. "ಛಲೋ ಮಾತು. ಮುಂದಿನ ವಾರ ಒತ್ತಕ್ಷರ ಹೇಳ್ಕೊಡು," ಎಂದು ಕಾರು ಹತ್ತಿದರು.

ನಾನು ತರಗತಿ ಬೇಡವೆನ್ನಬೇಕಿತ್ತು ಎಂದು ಅಪ್ಪ ಹೇಳಿದರು. ನಾನು ಬಿಟ್ಟರೆ ಮಕ್ಕಳು ಆ ಹೊತ್ತಿಗೆ ಈಜಿಗೋ ಸಾಕರ್‌ಗೋ ಸೇರಿ ತಿರುಗಿ ಬರುವುದಿಲ್ಲ ಎಂದು ಅಂಕಲ್ ಹೇಳಿದರು. ಒಪ್ಪಿಕೊಂಡೆ. ಎರಡು ಭಾನುವಾರ ಒತ್ತಕ್ಷರ ಬರೆಸಿದೆ. ಯಾರೂ ಕುದುರೆಯಿಂದ ಬೀಳಲಿಲ್ಲ, ಏಕೆಂದರೆ ಯಾರೂ ಮಾತೇ ಆಡಲಿಲ್ಲ.

ಮೂರನೆಯ ವಾರದ ಶನಿವಾರ ಬೆಳಿಗ್ಗೆ, ಪುಸ್ತಕ ಹಿಂದಿರುಗಿಸಲು ಅಂಕಲ್ ಮನೆಗೆ ಹೋಗಿದ್ದೆ. ಗರಾಜಿನಲ್ಲಿ ಅವರು ಪ್ರೊಜೆಕ್ಟರ್ ಬಿಚ್ಚಿಕೊಂಡು ಧೂಳು ಒರೆಸುತ್ತಿದ್ದರು. ಮನೆ ಮುಂದೆ ಕಾರು ನಿಂತಿತು. ಹುಡುಗಿಯ ತಾಯಿ ಇಳಿದು, ನನ್ನನ್ನು ಕಂಡು ಅಲ್ಲೇ ನಿಂತುಬಿಟ್ಟರು. ಆಮೇಲೆ ಹಿಂದಿನ ಬಾಗಿಲು ತೆರೆದರು. ಹುಡುಗಿ ಇಳಿದಳು. ಮೀಸೆ ಇತ್ತು.

"ಕೊನೆ ಸೀನ್ ಬಾಕಿ ಇದೆಯಂತೆ," ಎಂದರು ಅವರು, ಅಂಕಲ್‌ರ ಮುಖ ನೋಡದೆ. "ದಿನಾ ಅದೇ ಹಟ. ಇವಳ ಅಪ್ಪ ಆಫೀಸ್ ಟ್ರಿಪ್‌ಗೆ ಹೋಗಿದಾರೆ."

"ಬರ್ರಿ," ಎಂದರು ಅಂಕಲ್.

"ಫೋನ್ ಕಾರಲ್ಲೇ ಬಿಟ್ಟಿದೀನಿ."

ಅಂಕಲ್ ಗುಂಡಿ ಒತ್ತಿ ಗರಾಜಿನ ಬಾಗಿಲು ಇಳಿಸಿದರು. ಬಿಳಿ ಗೋಡೆಯ ಮೇಲೆ, ಹುಲ್ಲು ಕತ್ತರಿಸುವ ಯಂತ್ರದ ಮೇಲ್ಭಾಗದಲ್ಲಿ, ಸಿನಿಮಾ ಸದ್ದಿಲ್ಲದೆ ಶುರುವಾಯಿತು. ನಾಯಕ ಒಬ್ಬನೇ ಅಂಗಳಕ್ಕೆ ಬರುತ್ತಾನೆ. ಮಾಳಿಗೆಯ ತುಂಬ ಬಂದೂಕು ಹಿಡಿದ ಸೈನಿಕರು. ಹುಡುಗಿಗೆ ಮಾತು ಬಹಳ ಇರಲಿಲ್ಲ. ಬಿಳಿ ಕುದುರೆಯ ಕುತ್ತಿಗೆ ಸವರುವಾಗ "ಎಲ್ಲಿ ಹೋಗಿದ್ದೆ ನೀನು, ಎಷ್ಟು ಹುಡುಕಿದೆ," ಎಂದಳು. ಗುಂಡು ಹಾರಿತು. ಅವಳು ಸಿಮೆಂಟ್ ನೆಲದ ಮೇಲೆ ಅಂಗಾತ ಮಲಗಿದಳು. ಅವಳ ತಾಯಿ ಕೈ ಬಾಯಿಗೆ ಇಟ್ಟುಕೊಂಡರು.

ಮುಂದಿನ ದೃಶ್ಯದಲ್ಲಿ ಹೆಣವನ್ನು ಊರ ನಡುವೆ ತಂದು ಹಾಕುತ್ತಾರೆ. ಇವನು ಅವನೇ ಎಂದು ಊರಿನವರು ನೋಡಿ ತಿಳಿಯಲಿ ಎಂದು. ಜನ ಸುತ್ತ ನಿಂತಿದ್ದಾರೆ. ಮಾತಾಡಬೇಕಾದವರು ಈಗ ಅವರು, ಆದರೆ ಊರಿನವರಾಗಲು ನಮ್ಮಲ್ಲಿ ಮಕ್ಕಳಿರಲಿಲ್ಲ.

ನೆಲದ ಮೇಲಿಂದಲೇ ಹುಡುಗಿ ಹೇಳಿದಳು, "ಅಮ್ಮಾ, ಇಟ್ಸ್ ಯುವರ್ ಟರ್ನ್. ಯು ಆರ್ ದಿ ವಿಲೇಜ್."

"ಇಂಗ್ಲಿಷ್. ಬಿದ್ದಿ ಯವ್ವಾ," ಎಂದರು ಅಂಕಲ್.

"ಆಲ್ರೆಡಿ ಸತ್ತಿದೀನಿ ಸರ್ ಅಂಕಲ್."

ಅಂಕಲ್ ಸೈನಿಕನಾದರು. ಗೋಡೆಯ ಮೇಲಿನ ಬಾಯಿ ಅಲ್ಲಾಡಿದಾಗ ಕೇಳಿದರು, "ನೋಡ್ರಿ ಎಲ್ಲಾರೂ. ಇವನ ಹೌದಿಲ್ಲೋ?"

ಗೋಡೆಯ ಮೇಲೆ ಹಳ್ಳಿಯವನೊಬ್ಬನ ತುಟಿ ಕದಲಿತು. ತಾಯಿ ಮಗಳನ್ನು ನೋಡಲಿಲ್ಲ. ಅಂಕಲ್‌ರನ್ನು ನೋಡಿದರು.

"ಅಲ್ಲ," ಎಂದರು. "ಇವರಲ್ಲ. ಇವರು ಏನೂ ಮಾಡಿಲ್ಲ. ಮಾಡಿದ್ದು ನಾನು. ಮನೇಲಿ ಹೇಳೋಕೆ ನನ್ನ ಕೈಲಿ ಆಗ್ಲಿಲ್ಲ. ಇಂಟರ್‌ವ್ಯೂ ಒಂದು ಮುಗೀಲಿ, ಎಲ್ಲರ ಮುಂದೆ ನಿಂತು ಹೇಳ್ತೀನಿ, ಆಮೇಲೆ..."

"ಅಮ್ಮಾ ಸ್ಟಾಪ್," ಎಂದಳು ಹುಡುಗಿ, ಎದ್ದು ಕೂತು. "ಅವನ ಬಾಯಿ ಯಾವಾಗ್ಲೋ ಕ್ಲೋಸ್ ಆಯ್ತು."

ಹೌದು, ಗೋಡೆಯ ಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಷರತ್ತು ಹಾಕಿದ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಯಾವಾಗ, ಯಾರ ಮುಂದೆ, ಸಂದರ್ಶನವೇ ಮುಂದಕ್ಕೆ ಹೋದರೆ ಏನು ಎಂದು ಕೇಳಬಹುದಿತ್ತು. ಅದು ಮುಂದಕ್ಕೆ ಹೋಯಿತು ಕೂಡ. ಇದನ್ನು ಬರೆಯುವ ಹೊತ್ತಿಗೆ ಇನ್ನೂ ನಡೆದಿಲ್ಲ, ಭಾನುವಾರದ ತರಗತಿ ಇನ್ನೂ ನನ್ನದೇ, ಗಂಡನಿಗೆ ಇನ್ನೂ ಗೊತ್ತಿಲ್ಲ. ತಿಂಗಳಿಗೊಂದು ಶನಿವಾರ ಗರಾಜಿನ ಬಾಗಿಲು ಇಳಿಯುತ್ತದೆ, ಈಗ ಇನ್ನೂ ಇಬ್ಬರು ಮಕ್ಕಳು ಬರುತ್ತಾರೆ, ಅವರ ತಾಯಂದಿರೂ ಫೋನನ್ನು ಕಾರಿನಲ್ಲೇ ಬಿಡುತ್ತಾರೆ.

ಆ ದಿನ ನಾನು ಕೇಳಲಿಲ್ಲ. ಅಂಕಲ್ ರಿಮೋಟ್ ಎತ್ತಿ ದೃಶ್ಯವನ್ನು ಹಿಂದಕ್ಕೆ ಓಡಿಸಿದರು. ಹೆಣ ಎದ್ದಿತು, ಜನ ಹಿಂದಕ್ಕೆ ನಡೆದರು.

"ಇನ್ನೊಮ್ಮೆ ಮಾಡೂಣು," ಎಂದರು. "ಅಷ್ಟು ಉದ್ದ ಮಾತು ಅವನ ಬಾಯಾಗ ಹಿಡಿಯೂದಿಲ್ರಿ."

ಹುಡುಗಿ ಮತ್ತೆ ಮಲಗಿದಳು. ಸೈನಿಕ ಕೇಳಿದ. ತುಟಿ ಕದಲಿತು.

"ಇವರಲ್ಲ," ಎಂದರು ಅವಳ ತಾಯಿ, ಮತ್ತು ಸರಿಯಾದ ಹೊತ್ತಿಗೆ ನಿಲ್ಲಿಸಿದರು.